ಹಗ್ಗದ ಮೇಲಿನ ಕಪ್ಪು

ಇಟಲಿಯ ಕಡಲತೀರದ ಪ್ರಯಾನೊ ಊರಿನ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ಒಬ್ಬಳು ಗುಡ್ಡದ ಮೇಲಿನ ದೊಡ್ಡ ಹೋಟೆಲಿನ ಮೇಲ್ವಿಚಾರಕಿ ಒರ್ನೆಲ್ಲಾ. ಇನ್ನೊಬ್ಬಳು ಹೋದ ತಿಂಗಳು ಗಂಡನನ್ನು ಕಳೆದುಕೊಂಡ ಫಿಲೊಮೆನಾ.

"ಚಿಕ್ಕಮ್ಮ, ನೀವು ಬಟ್ಟೆ ಒಣಗಿಸೋ ಹಗ್ಗ ನಮ್ಮ ಹೋಟೆಲಿನ ಬಾಲ್ಕನಿಗಳಿಗೆ ಕಾಣುತ್ತೆ," ಎಂದಳು ಒರ್ನೆಲ್ಲಾ.

"ಕಾಣಲಿ ಬಿಡೇ. ನಿಮ್ಮ ಗೆಸ್ಟುಗಳು ಫೋಟೊ ಹೊಡ್ಕೋತಿದ್ರಲ್ಲ."

"ಆಗ ಬಿಳಿ ಇತ್ತು. ಈಗ ಬರೀ ಕಪ್ಪು."

"ಗಂಡ ಸತ್ತೋಳು ಇನ್ನೇನು ಹಾಕ್ಕೋಬೇಕು?"

"ಹಾಕ್ಕೊಳ್ಳಿ, ಬೇಡ ಅಂದೋರ್ಯಾರು? ಮನೆ ಒಳಗೆ ಒಣಗಿಸಿ. ಜನ ರಜೆ ಕಳೆಯೋಕೆ ಬಂದಿರ್ತಾರೆ. ಹೊರಗೆ ಚಿಕ್ಕಪ್ಪನ ಬಿಳಿ ಅಂಗಿಗಳನ್ನ ಹಾಕಿ, ಅವರಿಗಂತೂ ಇನ್ನು ಬೇಕಾಗಲ್ಲ."

"ಅವೆಲ್ಲ ನಿಮ್ಮ ಹೋಟೆಲು ಅವರಿಗೆ ಕೊಟ್ಟಿದ್ದ ವೇಟರ್ ಅಂಗಿಗಳೇ. ಜೇಬಿನ ಮೇಲೆ ಹೋಟೆಲಿನ ಹೆಸರಿದೆ."

ಬಸ್ ಬಂತು. ಒರ್ನೆಲ್ಲಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಹಾಗಾದ್ರೆ ಒಗೆದು ತಂದ್ಕೊಡಿ. ಹೊಸ ವೇಟರ್‌ಗೂ ಅದೇ ಅಳತೆ."