ಹೊಸ ಮಸಿ

ಮೇಷ್ಟರು ಪೇಪರನ್ನು ಅಡ್ಡ ಹಿಡಿದು ಕಿವಿಯನ್ನು ಮುಂದಿನವರ ಮಾತಿಗೆ ಕೊಟ್ಟಿದ್ದರು. ಬಸ್ಸಿನ ಸಾಲಿನಲ್ಲಿ ಅವರ ಮುಂದೆ ಕಮ್ಮಾರನೂ ಅವನ ಅತ್ತಿಗೆಯೂ ನಿಂತಿದ್ದರು. ಊರು ಉದ್ಧಾರವಾಗಲೆಂದು ಹಳೇ ಕುದುರೆ ಲಾಯವನ್ನು ರಿಪೇರಿ ಮಾಡಿಸಿದವರು ಅವನ ಕುಲುಮೆಯನ್ನು ಅಲ್ಲಿಂದ ಎಬ್ಬಿಸಿದ್ದರು.

“ವಾಪಸ್ ಕರೆದಿದಾರಂತಲ್ಲೋ, ಒಳ್ಳೇದಾಯ್ತು.”

“ಸುತ್ತಿಗೆ ಹಿಡ್ಕೊಂಡು ಕೂತಿರೋಕೆ, ಅತ್ತಿಗೆ. ಲಾಯ ನೋಡೋಕೆ ಬರೋ ಟೂರಿಸ್ಟ್‌ಗಳು ಫೋಟೊ ತೆಗೀತಾರಂತೆ.”

“ಕುಲುಮೆ?”

“ಬೆಂಕಿ ಹಚ್ಚೋ ಹಾಗಿಲ್ಲ. ಗೋಡೆ ಕಪ್ಪಾಗುತ್ತಂತೆ.”

“ನಿಮ್ಮಪ್ಪನ ಕಾಲದ ಮಸೀನೆಲ್ಲ ಉಜ್ಜಿ ತೊಳೆದ್ರಲ್ಲ!”

“ತೊಳೆದ್ರು. ಈಗ ಹಳೇದರ ಥರ ಕಾಣ್ಲಿ ಅಂತ ಪೇಂಟರ್ ಕೈಲಿ ಕಪ್ಪು ಬಳಿಸಿದಾರೆ.”

“ಥೂ! ಆಗಲ್ಲ ಅಂತ ಮುಖಕ್ಕೆ ಹೇಳಬಾರದಾ?”

“ಬೇರೆ ಕೆಲಸ ಎಲ್ಲಿದೆ? ಒಪ್ಕೊಂಡೆ. ಈಗ ದರ್ಜಿಗೆ ಅಳತೆ ಕೊಡೋಕೆ ಹೊರಟಿದೀನಿ. ಹರಕು ಅಂಗಿ ಹೊಲಿಸ್ತಾರಂತೆ.”

“ಮೈಮೇಲಿರೋದು ಹರಿದೇ ಇದೆಯಲ್ಲೋ!”

“ಇದರ ಹರಕು ಫೋಟೊದಲ್ಲಿ ಚೆನ್ನಾಗಿ ಬರಲ್ವಂತೆ.”

ಬಸ್ಸು ಬಂತು. ಹರಿದ ತೋಳನ್ನು ಒಳಕ್ಕೆ ಮಡಚಿಕೊಂಡು ಅವನು ಅತ್ತಿಗೆಯ ಹಿಂದೆ ಹತ್ತಿದ.