ಮುಖ ನೋಡಲಿ ಅಂತ ಇಟ್ಟಿದ್ದು

"ಅದು ಅಂಗಾತ ಬಿದ್ದಿತ್ತವಾ. ಸತ್ತೈತಿ ಅಂತ ಡಬ್ಬಿಗೆ ಮೂರು ಬೆರಳಿಲೆ ಈಬತ್ತಿ ಹಚ್ಚಿ ಇಟ್ಟೆ."

ಕಲಘಟಗಿ ಬಸ್‌ ನಿಲ್ದಾಣದಲ್ಲಿ ನನ್ನ ಬಾಜು ಕೂತಿದ್ದ ಶಾರದವ್ವ ತಮ್ಮ ನೆರೆಮನೆಯ ರೇಷ್ಮಾಳಿಗೆ ಹೇಳುತ್ತಿದ್ದರು. ಅವಳ ತೊಡೆಯ ಮೇಲೆ ಆ ಡಬ್ಬಿ, ಒಳಗೆ ಅವಳು ಸಾಕಿ, ಊರಿಗೆ ಹೋಗುವಾಗ ಇವರ ಬಳಿ ಬಿಟ್ಟಿದ್ದ ದೊಡ್ಡ ಜೇಡ.

"ಅದು ಪೊರೆ ಬಿಡಾಕತ್ತಿತ್ರಿ ಕಾಕು. ಮುಟ್ಟಿದ್ರ ಸಾಯ್ತಿತ್ತು. ಸತ್ತೈತಿ ಅಂದ್ಕೊಂಡ್ರೂ ಮಣ್ಣು ಯಾಕ ಮಾಡಲಿಲ್ರಿ?"

"ಸಾಕಿದಾಕಿ ನೀ ಊರಾಗಿಲ್ಲ. ನೀ ಬಂದು ಮುಖ ನೋಡೂಮಟ ಹೆಂಗ ಮಣ್ಣು ಮಾಡ್ಲಿ?"

"ನಾ ಸಣ್ಣಾಕಿದ್ದು ಸಾಲಿಗೆ ಹೋಗೂವಾಗ ಕಡಲಿಕಾಳಿನಷ್ಟಿತ್ರಿ. ಈಗ ಅಂಗೈಯಷ್ಟು ಆಗೈತಿ. ನಿಮ್ಮ ಉಪಕಾರ ಮರಿಯಂಗಿಲ್ಲ."

"ಉಪಕಾರ ಇರಲಿ. ಅದು ಎದ್ದು ಕುಂತಾಗ ಹೆದರಿ ನನ್ನ ಜೀವಾನ ಹೋಗತಿತ್ತು, ನೀ ನನ್ನ ಮುಖ ನೋಡಾಕ ಬರಬೇಕಾಗತಿತ್ತು."

ಹುಬ್ಬಳ್ಳಿ ಬಸ್ಸು ಬಂತು, ಜನ ನುಗ್ಗಿದರು. ಯಾರ ಮೊಳಕೈಯೂ ಡಬ್ಬಿಗೆ ತಾಗದಂತೆ ಶಾರದವ್ವ ಸೆರಗು ಅಡ್ಡ ಹಿಡಿದು, ರೇಷ್ಮಾಳನ್ನು ಮೊದಲು ಹತ್ತಿಸಿದರು.