ತನ್ನನ್ನೇ ಊಟ ಆತೇನ್ರಿ ಅಂತ ಕೇಳಿದ ಗಂಗೀಬಾಯಿ

“ಹಲೋ… ಯಾರ್ರಿ ಮಾತಾಡೋದು?… ಯಶವಂತನಾ? ಯಾಕಪಾ, ಧ್ವನಿ ಹಿಂಗ್ಯಾಕ ಆಗೇತಿ? ನಾ ವಾಳಪೈಯಾಗ ಮಗಳ ಮನ್ಯಾಗ ಅದೇನಿ. ಹಾಂ, ಹೇಳು.”

…

ಗಂಗೀಬಾಯಿ ಶೇಂಗಾ ಸುಲಿಯುವುದನ್ನು ಬಿಟ್ಟು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಗೋವಾದ ಕನ್ನಡಿಗರಿಗೆಂದು ವೆಬ್‌ಸೈಟ್ ಕಟ್ಟಿದವನು ಈ ಯಶವಂತ. ಅದರ ಚರ್ಚಾಕಟ್ಟೆಯಲ್ಲಿ ಅಂಗಡಿಕಾರರು ಬರೆಯುತ್ತಿದ್ದರು. ವೆರ್ಣಾದ ಕಾರ್ಖಾನೆ ಕೆಲಸಗಾರರು ತಮ್ಮದೇ ಇ-ಮೇಲ್ ಗುಂಪಿನಲ್ಲಿ. ಎರಡನ್ನೂ ಕೂಡಿಸು, ಇಲ್ಲಿ ಬರೆದದ್ದು ಅಲ್ಲಿಗೂ ಹೋಗಲಿ ಎಂದು ಅವನ ಬೆನ್ನು ಬಿದ್ದವಳು ಇವಳೇ. ಹೋದ ವಾರವಷ್ಟೇ ಕೂಡಿಸಿದ್ದ.

“ಏನು, ಕಟ್ಟಿ ತುಂಬ ನಂದ ಹೆಸರಾ?… ನಾ ಏನೂ ಬರದಿಲ್ಲಲ್ಲೋ… ಹಾಂ, ಮೇಲ್ ಬಂದ್ರ ತಂತಾನ ಹೋಗೋ ಉತ್ತರಾ? ಅದನ್ನ ನಾನ ಇಟ್ಟು ಬಂದೇನಿ. ಶರಣ್ರಿ ಅಂದವರಿಗೆ ತಿರುಗಿ ಶರಣ್ರಿ ಅನ್ನಬೇಕು, ಹೌದಿಲ್ಲೋ? ಇಲ್ಲಂದ್ರ ಗಂಗೀಬಾಯಿಗೆ ಸೊಕ್ಕು ಬಂತು ಅಂತಾರ. ‘ಶರಣ್ರಿ, ನಾ ಊರಾಗಿಲ್ಲ. ನಿಮ್ಮ ಊಟಾ ಆತೇನ್ರಿ?’ ಅಷ್ಟ. ತಪ್ಪೇನೈತಿ?”

…

“ನಿಂದ್ರು, ಸಾವಕಾಶ ಹೇಳು… ನನ್ನ ಉತ್ತರ ಕಟ್ಟಿಗೆ ಹೋತು… ಕಟ್ಟಿ ಅದನ್ನ ಎಲ್ಲಾರ ಇ-ಮೇಲಿಗೆ ಕಳಸ್ತು… ಎಲ್ಲಾರಾಗ ನಾನೂ ಅದೇನಿ… ನನ್ನ ಮೇಲ್ ಅದಕ್ಕ ಮತ್ತ ಶರಣ್ರಿ ಅಂತು! ಅಂದ್ರ, ನನ್ನ ನಾನ ಉಂಡ್ಯೇನು ಅಂತ ಕೇಳಾಕತ್ತೇನಿ? ನಿನ್ನೆಯಿಂದಾ? ಒಂದ ಸಲಾನೂ ಉಂಡೇನಿ ಅಂದಿಲ್ಲಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ಆಚೆಯವನು ಮಾತ್ರ ನಗಲಿಲ್ಲ.

“ಯಾರು, ಕೇಶಪ್ಪನವರಾ? ಫೋಂಡಾದಾಗ ಅರಿವಿ ಅಂಗಡಿ ಐತಲ್ಲ, ಅವರಾ?… ಕೂಡಿಸಿದ್ದನ್ನ ಇವತ್ತ ಬಿಡಸು ಅಂತಾರಾ?… ಇಲ್ಲಂದ್ರ ಅಂಗಡಿಯವ್ರೆಲ್ಲಾ ಬಿಟ್ಟು ಹೋಗ್ತಾರಾ?”

…

ನಗು ಅಲ್ಲಿಗೇ ನಿಂತಿತು. ಬಿಡಿಸಿದರೆ ಮತ್ತೆ ಅವರವರ ಮೂಲೆ ಅವರವರಿಗೆ. ಅರಿವೆ ಮಾರುವವರೂ ಅದನ್ನುಟ್ಟು ಪಾಳಿಗೆ ಹೋಗುವವರೂ ಅಕ್ಕಪಕ್ಕದ ಊರುಗಳಿಂದಲೇ ಬಂದವರು. ಒಬ್ಬರ ಹೆಸರು ಒಬ್ಬರಿಗೆ ತಿಳಿಯದೆ ಗೋವೆಯಲ್ಲಿ ಮುದುಕರಾಗುತ್ತಿದ್ದರು.

“ಬಿಡಸಬ್ಯಾಡೋ. ನನ್ನ ತಗಿ… ಹಾಂ, ಗುಂಪಿನಿಂದ ನನ್ನ ತಗಿ. ಊರಾಗಿಲ್ಲಂದ್ರೂ ಈ ಮುದುಕಿ ಬಾಯಿ ಮುಚ್ಚಂಗಿಲ್ಲ ಅಂತ ಕಾರಣಾ ಬರಿ… ಇಲ್ಲೋ, ಸಿಟ್ಟಿಲ್ಲ. ತಡಾ ಮಾಡಿ ಅಕ್ಷರ ಕಲತಾಕಿ, ಕಂಡಕಂಡಲ್ಲೆ ತೋರಿಸಾಕ ಹ್ವಾದೆ. ಉತ್ತರ ಕೊಡಾಕ ಯಂತ್ರಾ ಬ್ಯಾರೆ!”

…

“ಏನಂದಿ?… ಆ ಯಂತ್ರಕ್ಕ ಯಾರೋ ಉತ್ತರ ಬರದಾರಾ?… ವೆರ್ಣಾದ ಮಲಕಪ್ಪಾ? ಅಂವಾ ಎಂದೂ ಒಂದಕ್ಷರ ಬರದಾಂವಲ್ಲ. ಓದು ನೋಡೂಣು… ‘ಅವ್ವಾ, ಊಟಾ ಆಗಿಲ್ಲ. ಹೆಂಡತಿ ಹಡ್ಯಾಕ ಫೋಂಡಾದ ದವಾಖಾನ್ಯಾಗ ಒಬ್ಬಾಕೀನ ಅದಾಳ. ನನಗ ರಜಾ ಸಿಗವಲ್ದು. ಅಕೀದೂ ಊಟಾ ಆಗಿರಲಿಕ್ಕಿಲ್ಲ.’… ಅಯ್ಯ ಶಿವನ!”

…

“ಯಾವಾಗ ಬರದಾನೋ?… ಮುಂಜಾನೆ? ನನ್ನ ಶರಣ್ರಿ ಗದ್ದಲದಾಗ ಯಾರ ಕಣ್ಣಿಗೂ ಬಿದ್ದಿಲ್ಲಾ?… ಕೇಶಪ್ಪನವ್ರ ಮನಿ ಆ ದವಾಖಾನಿ ಹಿಂದ ಐತಲ್ಲೋ! ಮೊದಲ ಅವರಿಗೆ ಫೋನ್ ಹಚ್ಚು. ಬೈಯೋದು ಆಮ್ಯಾಲೆ ಬೈರಿ, ಈಗ ಇದೊಂದ ಓದ್ರಿ ಅನ್ನು… ಇನ್ನೊಂದು ಫೋನಿನಿಂದ ಮಾಡು, ನಾ ಹಿಡಕೊಂಡೇನಿ.”

ಅವಳು ಮತ್ತೆ ಶೇಂಗಾ ಸುಲಿಯುತ್ತ ಕಾದಳು. ಆಚೆಯಿಂದ ಯಶವಂತನ ಗುಜುಗುಜು ಮಾತು ಕೇಳುತ್ತಿತ್ತು. ಸುಲಿದ ಕಾಳನ್ನು ಸಿಪ್ಪೆಯ ರಾಶಿಗೇ ಹಾಕುತ್ತಿದ್ದುದು ಅವಳ ಗಮನಕ್ಕೆ ಬರಲಿಲ್ಲ.

“ಹಾಂ, ಏನಂದ್ರು?… ಹೆಂಡ್ತಿನ್ನ ಕರಕೊಂಡು ಅವರ ಹೊಂಟಾರಾ? ಡಬ್ಬಿ ತಗೊಂಡು?… ಕೂಡಿಸಿದ್ದು ಇರಲಿ ಅಂದ್ರಾ? ಖರೇನಾ?… ಮತ್ತ ನನ್ನ ಬಗ್ಗೆ?… ಹೂಂ. ಮುದುಕೀನ ಮಾತ್ರ ತಗದ ಬಿಡು ಅಂದ್ರು. ಚಲೋ ಆತು, ನ್ಯಾಯ ಐತಿ. ತಗಿ, ತಗಿ.”

…

“ತಗದ್ಯಾ? ಆತು, ಬಾಯಿ ಬಂದ್… ಏ ತಡಿಯೋ! ಕೂಸು ಹೆಣ್ಣೋ ಗಂಡೋ ಅಂತ ಮಲಕಪ್ಪ ಅದರಾಗ ಬರೀತಾನಲ್ಲ, ನನಗ ಹೆಂಗ ಗೊತ್ತಾಗಬೇಕು?… ತಿರುಗಿ ಹಾಕು, ಒಂದಿನಾ ಸಾಕು… ಉತ್ತರಾ ಬರ್ಯಂಗಿಲ್ಲೋ, ನಿನ್ನಾಣಿ, ಬರೇ ಓದ್ತೇನಿ… ಯಶವಂತಾ?… ಹಲೋ?… ಹಲೋ…”